ತುಮಕೂರಿಂದ ಪುಣೆಗೆ ಮನೆ ಸಾಮಾನಿನ ಗಾಡಿ: ರೂಮ್ ಹಿಡಿಯೋ ಮುಂಚೆ ಗೇಟಿನ ಎತ್ತರ ಕೇಳಿ

ಲಾಡ್ಜ್‌ನವರು ಫೋನಲ್ಲಿ "ಲಾರಿ ಪಾರ್ಕಿಂಗ್ ಇದೆ, ಬನ್ನಿ ಸರ್" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಹುಬ್ಬಳ್ಳಿ ಹತ್ತಿರ ರಾತ್ರಿ ಹತ್ತೂವರೆಗೆ ಹೋದರೆ ಗೇಟಿನ ಮೇಲೆ ಅಡ್ಡಕ್ಕೆ ಕಬ್ಬಿಣದ ಕಮಾನು. ಟಾರ್ಪಾಲ್ ಕಟ್ಟಿದ್ದ, 14 ಅಡಿ ಉದ್ದದ ಬಾಡಿಯ ಐಚರ್ ಲಾರಿ ಅದರ ಕೆಳಗೆ ನುಗ್ಗೋ ಮಾತೇ ಇಲ್ಲ. "ರೋಡಲ್ಲೇ ಹಾಕಿ, ಏನೂ ಆಗಲ್ಲ" ಅಂದರು. ಅಕ್ಕನ ಇಡೀ ಸಂಸಾರ ಆ ಗಾಡಿಯಲ್ಲಿದೆ, ರೋಡಲ್ಲಿ ಬಿಟ್ಟು ಹೇಗೆ ನಿದ್ದೆ ಮಾಡೋದು? ಮೊದಲೇ ಕಟ್ಟಿದ್ದ 1,800 ರೂಪಾಯಿ ವಾಪಸ್ ಕೇಳಿದರೆ ಮ್ಯಾನೇಜರ್ ಮುಖ ಕೂಡ ಎತ್ತಲಿಲ್ಲ. ಕೊನೆಗೆ ಪೆಟ್ರೋಲ್ ಬಂಕಿನ ಹುಡುಗರು ಒಂದು ಪೈಸೆ ಕೇಳದೆ ದೀಪದ ಕೆಳಗೆ ಜಾಗ ತೋರಿಸಿದರು. ಭಾವ, ನಾನು ಕ್ಯಾಬಿನ್‌ನಲ್ಲೇ ಮಲಗಿದೆವು. ಸೊಳ್ಳೆ ಇತ್ತು, ಆದರೂ ಇನ್ನೊಮ್ಮೆ ಹೋದರೆ ಲಾರಿಗಳು ನಿಲ್ಲುವ ಬಂಕೇ ಸಾಕು.

ಗಾಡಿ ಭಾವನದೇ, ಹಳದಿ ಬೋರ್ಡ್, ನ್ಯಾಷನಲ್ ಪರ್ಮಿಟ್ ಇತ್ತು. ರಾಜ್ಯ ದಾಟಲು ಇಂಥ ಗಾಡಿಗೆ ಅಂಥದ್ದೊಂದು ಪರ್ಮಿಟ್ ಬೇಕು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಯನ್ನು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾಗುವ ಜಿಎಸ್‌ಟಿ ಚೀಟಿ) ಬೇಡ. ಆದರೂ ಏನೇನಿದೆ ಅಂತ ಒಂದು ಪಟ್ಟಿ ಬರೆದು ಸಹಿ ಹಾಕಿ ಇಟ್ಟುಕೊಳ್ಳಿ, ಪೊಲೀಸರು ನಿಲ್ಲಿಸಿದಾಗ ಮಾತು ಬೇಗ ಮುಗಿಯುತ್ತದೆ.

ಬೀರು, ಫ್ರಿಜ್ ಕ್ಯಾಬಿನ್ ಕಡೆಗೆ ನಿಲ್ಲಿಸಿ, ನಡುವೆ ಹಾಸಿಗೆ ತುರುಕಿ. ಹಗ್ಗ ಎಷ್ಟೇ ಬಿಗಿದರೂ ಶಿರಾ ಬರುವಷ್ಟರಲ್ಲಿ ಸಡಿಲವಾಗುತ್ತದೆ. ಅಲ್ಲಿ ಇಳಿದು ಮತ್ತೆ ಎಳೆದು ಕಟ್ಟಲೇಬೇಕು. ಮುಂದೆ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಪಕ್ಕದಿಂದ ಗಾಳಿ ಹೊಡೆದಾಗ ಎತ್ತರಕ್ಕೆ ತುಂಬಿದ ಗಾಡಿ ಓಲಾಡುತ್ತದೆ. ಸ್ಟೇರಿಂಗ್ ಎರಡೂ ಕೈಯಲ್ಲಿರಲಿ.

ಊಟಕ್ಕೆ ರಾಣೆಬೆನ್ನೂರು ದಾಟಿ ಮೋಟೆಬೆನ್ನೂರಿನ ಆಸುಪಾಸು ತನಕ ತಡೆದುಕೊಳ್ಳಿ. ಮಿನುಗುವ ಬೋರ್ಡಿನ ದೊಡ್ಡ ಹೋಟೆಲುಗಳನ್ನು ಬಿಟ್ಟು, ಲಾರಿಗಳು ಸಾಲಾಗಿ ನಿಂತಿರುವ ತಗಡಿನ ಖಾನಾವಳಿ ಹುಡುಕಿ. ನಮಗೆ ಸಿಕ್ಕಿದ್ದರಲ್ಲಿ ಒಬ್ಬ ಅಮ್ಮ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರು. ಹೆಂಚಿನಿಂದ ನೇರ ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಗಟ್ಟಿ ಮೊಸರು. ಬ್ಯಾಡಗಿ ಪಕ್ಕದ್ದೇ ತಾಲ್ಲೂಕು ಕೇಂದ್ರ, ಆ ಮೆಣಸಿನಕಾಯಿಯ ಕೆಂಪು ಬದನೆಕಾಯಿಯ ಎಣ್ಣೆಯಲ್ಲಿ ತೇಲುತ್ತಿತ್ತು, ಖಾರ ಮಾತ್ರ ನಾಲಿಗೆ ಸುಡುವಂಥದ್ದಲ್ಲ. ಮುದ್ದೆ ಉಂಡು ಬೆಳೆದ ನಾನು ರೊಟ್ಟಿ ಸಾಕು ಅಂದರೂ "ಇನ್ನೊಂದ್ ತಗೋರಿ, ಗಾಡಿ ಹೊಡೀಬೇಕಲ್ರೀ" ಅಂತ ಹಾಕಿದರು. ಇಬ್ಬರಿಗೆ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ.

ನಿಪ್ಪಾಣಿ, ಕೊಲ್ಹಾಪುರ, ಸತಾರಾ ಬಗ್ಗೆ ಹೇಳುವಂಥದ್ದೇನಿಲ್ಲ. ಎಚ್ಚರ ಬೇಕಾಗಿರೋದು ಕೊನೆಯಲ್ಲಿ. ಸತಾರಾ ದಾಟಿದ ಮೇಲೆ ಸಿಗುವ ಖಂಬಾಟ್ಕಿ ಘಾಟಿಯ ಹಳೇ ಸುರಂಗದಿಂದ ಹೊರಬಿದ್ದ ಮೇಲೆ ಇಳಿಜಾರಿನಲ್ಲೇ ಎಸ್ ಆಕಾರದ ತಿರುವಿದೆ. ಆಮೇಲೆ ಪುಣೆ ಬಾಗಿಲಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗೆ ಉದ್ದದ ಇಳಿಜಾರು. 2022ರ ನವೆಂಬರ್‌ನಲ್ಲಿ ಒಂದೇ ಭಾರೀ ವಾಹನ ಹತ್ತಾರು ಗಾಡಿಗಳಿಗೆ ಗುದ್ದಿದ್ದು ಅಲ್ಲೇ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿಯದೇ ಹೋಗುತ್ತದೆ. ಸುರಂಗ ಬಿಡುವ ಮುಂಚೆಯೇ ಕೆಳಗಿನ ಗೇರ್‌ಗೆ ಬನ್ನಿ, ಸೇತುವೆವರೆಗೂ ಅದೇ ಗೇರ್‌ನಲ್ಲಿ, ಎಡ ಲೇನಿನಲ್ಲೇ ಇಳಿಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ ಬಿಡಿ.