ದಾಸವಾಳದ ಎಲೆ ಮುದುಡಿದಾಗ ಮೊದಲು ನೋಡಬೇಕಾದದ್ದು ಕುಡಿಯನ್ನು

ದಾಸವಾಳದ ಎಲೆಗಳು ಮುದುಡಿಕೊಂಡವೆಂದರೆ ಬಹುಪಾಲು ಜನರ ಕೈ ಮೊದಲು ಹೋಗುವುದು ಔಷಧಿಯ ಬಾಟಲಿಗೆ. ಯಾವ ಔಷಧಿ, ಯಾತಕ್ಕಾಗಿ ಎಂಬ ಪ್ರಶ್ನೆ ಆಮೇಲೆ. ಏನಾದರೊಂದನ್ನು ಸಿಂಪಡಿಸಿದರೆ ಮನಸ್ಸಿಗೆ ಸಮಾಧಾನ. ಆದರೆ ಮುದುಡುವುದು ಒಂದು ರೋಗದ ಹೆಸರಲ್ಲ. ನೀರಿನ ಕೊರತೆಯಿಂದ ಹಿಡಿದು ವೈರಸ್ಸಿನವರೆಗೆ ಹಲವು ಕಾರಣಗಳಿಗೆ ಗಿಡ ತೋರಿಸುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಗಿಡದ ರಸ ಹೀರುವ ಹೇನಿಗೆ ಹಾಕುವ ಮದ್ದು ನುಸಿಯನ್ನು ಮುಟ್ಟದಿರಬಹುದು, ನುಸಿಯ ಮದ್ದಿನಿಂದ ಕೊಳೆತ ಬೇರು ಸರಿಹೋಗದು, ವೈರಸ್ಸಿಗಂತೂ ಮದ್ದೇ ಇಲ್ಲ.

ಕೀಟಗಳಿಂದಾಗುವ ಮುದುಡುವಿಕೆಯ ವಿಷಯದಲ್ಲಿ ಒಂದು ಸಂಗತಿಯನ್ನು ಅರಿತುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಎಲೆಯಿನ್ನೂ ಚಿಗುರಿನೊಳಗೆ ಮಡಚಿಕೊಂಡಿರುವಾಗಲೇ ಕೀಟ ಅದರ ರಸ ಹೀರಿರುತ್ತದೆ. ಪೆಟ್ಟು ತಿಂದ ಜಾಗದ ಜೀವಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ, ಸುತ್ತಲಿನವು ಎಂದಿನಂತೆ ಹಿಗ್ಗುತ್ತಾ ಹೋಗುತ್ತವೆ; ಒಂದು ಭಾಗ ಬೆಳೆದು ಇನ್ನೊಂದು ಭಾಗ ಬೆಳೆಯದೆ ಉಳಿದಾಗ ಎಲೆ ಸುರುಳಿಯಾಗದೆ ಬೇರೆ ದಾರಿಯಿಲ್ಲ. ಅಂದರೆ ನಮ್ಮ ಕಣ್ಣಿಗೆ ಈಗ ಬಿದ್ದಿರುವ ಮುದುಡಿದ ಎಲೆ ಹಿಂದೆಂದೋ ಆದ ಗಾಯದ ಗುರುತು. ಹಾನಿ ಮಾಡಿದ ಕೀಟ ಅಷ್ಟರಲ್ಲಿ ಮೇಲಿನ ಚಿಗುರಿಗೆ ಹೋಗಿರಬಹುದು. ಹೀಗೆ ವಿಕಾರವಾಗಿ ಬೆಳೆದ ಎಲೆ ಮತ್ತೆ ನೆಟ್ಟಗಾಗುವುದೂ ಇಲ್ಲ. ಮದ್ದು ಹೊಡೆದು ವಾರವಾದರೂ ಎಲೆ ಬಿಡಿಸಿಕೊಳ್ಳಲಿಲ್ಲವೆಂದು ಇನ್ನೂ ಕಟುವಾದ ಮದ್ದಿಗೆ ಕೈಹಾಕುವವರು ಈ ಕಾರಣಕ್ಕಾಗಿಯೇ ತಪ್ಪು ಜಾಗದಲ್ಲಿ ಫಲ ಹುಡುಕುತ್ತಿರುತ್ತಾರೆ. ನೋಡಬೇಕಾದದ್ದು ಮುಂದೆ ಬರುವ ಎಲೆಗಳನ್ನು.

ಪರೀಕ್ಷೆಯನ್ನು ನಾನು ಕೀಟದಿಂದಲ್ಲ, ನೀರಿನಿಂದ ಆರಂಭಿಸುತ್ತೇನೆ. ಗಿಡದ ಎಲ್ಲ ಎಲೆಗಳೂ, ಹಳೆಯವೂ ಸೇರಿದಂತೆ, ಮಧ್ಯಾಹ್ನ ಮುದುಡಿ ಸಂಜೆಯ ಹೊತ್ತಿಗೆ ಬಿಡಿಸಿಕೊಂಡರೆ ಅದು ಬಿಸಿಲಿನ ಝಳಕ್ಕೆ ಗಿಡ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಬೆಳಗಿನ ಹೊತ್ತು ಬುಡ ತುಂಬ ನೀರು ಕೊಟ್ಟು, ಮಣ್ಣಿನ ಮೇಲೆ ಒಣ ಎಲೆಗಳ ಹೊದಿಕೆ ಹಾಕಿದರೆ ಸಾಕು. ಬೆಳಗ್ಗೆಯೂ ಸೊರಗಿಯೇ ಇದ್ದರೆ ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು. ಮಣ್ಣು ಒಣಗಿದ್ದರೆ ಕಾರಣ ಸ್ಪಷ್ಟ. ಮಣ್ಣು ಹಸಿಯಾಗಿದ್ದೂ ಎಲೆ ಸೊರಗಿದ್ದರೆ, ಬೇರಿಗೆ ಗಾಳಿಯಾಡದೆ ಅದು ಕೊಳೆಯುತ್ತಿರುವ ಸಂಭವ ಹೆಚ್ಚು. ಅಂಥ ಗಿಡಕ್ಕೆ ಮತ್ತೆ ನೀರೆರೆಯುವುದು ಅದನ್ನು ಬೇಗ ಕೊಲ್ಲುವ ಉಪಾಯ. ಎಲೆಯ ಅಂಚುಗಳಷ್ಟೇ ಕಂದಾಗಿ ಒಣಗಿ ಮಡಚಿಕೊಂಡಿದ್ದರೆ ಗೊಬ್ಬರದ ಲವಣಾಂಶ ಕುಂಡದಲ್ಲಿ ಕೂತಿರಬಹುದು. ತಳದಿಂದ ಧಾರಾಳವಾಗಿ ಬಸಿದುಹೋಗುವಷ್ಟು ಶುದ್ಧ ನೀರು ಹಾಯಿಸಿದರೆ ಅದು ತೊಳೆದುಹೋಗುತ್ತದೆ.

ಹಳೆಯ ಎಲೆಗಳೆಲ್ಲ ಚೆನ್ನಾಗಿದ್ದು ಕುಡಿಯ ಎಲೆಗಳು ಮಾತ್ರ ಮುದುಡಿದ್ದರೆ ಸಂಶಯ ರಸ ಹೀರುವ ಕೀಟಗಳ ಕಡೆಗೆ ತಿರುಗಬೇಕು. ಹೇನುಗಳನ್ನು ಗುರುತಿಸುವುದು ಸುಲಭ: ಮೊಗ್ಗಿನ ತೊಟ್ಟಿನಲ್ಲಿ, ಎಳೆ ಎಲೆಯ ಅಡಿಯಲ್ಲಿ ಹಸಿರು, ಹಳದಿ ಅಥವಾ ಕಪ್ಪು ಬಣ್ಣದಲ್ಲಿ ಗುಂಪಾಗಿ ಅಂಟಿಕೊಂಡಿರುತ್ತವೆ. ಅವು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಹೊಳೆಯುತ್ತದೆ, ಕೆಲವು ದಿನಗಳಲ್ಲಿ ಅದರ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಿಡದ ಮೇಲೆ ಇರುವೆಗಳ ಸಾಲು ಹತ್ತಿ ಇಳಿಯುತ್ತಿದ್ದರೆ ಅದನ್ನು ಹಿಂಬಾಲಿಸಿ, ಹೇನೋ ಹಿಟ್ಟು ತಿಗಣೆಯೋ ಅದರ ಕೊನೆಯಲ್ಲಿ ಸಿಗುವುದು ಬಹುಮಟ್ಟಿಗೆ ಖಚಿತ. ಇರುವೆ ಎಲೆಗೆ ನೇರವಾಗಿ ಏನೂ ಮಾಡದಿದ್ದರೂ, ಸಿಹಿಯ ಆಸೆಗೆ ಹೇನುಗಳನ್ನು ಅವುಗಳ ಶತ್ರುಗಳಿಂದ ಕಾಯುತ್ತದೆ. ಹಿಟ್ಟು ತಿಗಣೆ ಬಿಳಿ ಹತ್ತಿಯಂತೆ ಕಾಣುತ್ತದೆ. ಅದರಲ್ಲಿ ಗುಲಾಬಿ ಬಣ್ಣದ ಒಂದು ಜಾತಿ ದಾಸವಾಳದ ವಿಶೇಷ ವೈರಿ. ಅದರ ಜೊಲ್ಲಿನಲ್ಲಿರುವ ವಿಷದಿಂದ ಕುಡಿಯ ಗೆಣ್ಣುಗಳು ಹತ್ತಿರ ಹತ್ತಿರವಾಗಿ, ಎಲೆಗಳೆಲ್ಲ ಮುದ್ದೆಗಟ್ಟಿ ಗೊಂಚಲಿನಂತಾಗುತ್ತವೆ.

ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟಗಳು ಮತ್ತು ನುಸಿಗಳು ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಮೆಣಸಿನಕಾಯಿ ಗಿಡದ ಮುಟುರು ರೋಗವನ್ನು ಕಂಡವರು ಬಳಸುವ ಸೂತ್ರವೊಂದು ಇಲ್ಲಿಯೂ ತಕ್ಕಮಟ್ಟಿಗೆ ಒದಗುತ್ತದೆ: ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಾದರೆ ಥ್ರಿಪ್ಸ್, ಕೆಳಕ್ಕೆ ಬಾಗಿ ಎಲೆ ಕಿರಿದಾದರೆ ನುಸಿ. ಸೂತ್ರವನ್ನೇ ನಂಬಿ ಕೂರುವಂತಿಲ್ಲ, ಏಕೆಂದರೆ ಹೇನಿಗೂ ಎಲೆ ಕೆಳಕ್ಕೆ ಬಾಗುತ್ತದೆ, ಬಿಸಿಲಿಗೂ ಮೇಲಕ್ಕೆ ಮಡಚುತ್ತದೆ. ಆದ್ದರಿಂದ ಒಂದು ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ರೆಂಬೆಯನ್ನು ಎರಡು ಮೂರು ಸಲ ಬೆರಳಿನಿಂದ ತಟ್ಟಬೇಕು. ಉದುರಿದ ಧೂಳಿನ ನಡುವೆ ಒಂದೆರಡು ಮಿಲಿಮೀಟರ್ ಉದ್ದದ, ಹಳದಿ ಅಥವಾ ಕಂದು ಬಣ್ಣದ ಸಣ್ಣ ಗೀರುಗಳು ಸರಸರನೆ ಹರಿದಾಡಿದರೆ ಅವು ಥ್ರಿಪ್ಸ್. ಚುಕ್ಕೆಯಷ್ಟೇ ಇರುವ, ನಿಧಾನವಾಗಿ ತೆವಳುವ ಜೀವಿಗಳು ಜೇಡ ನುಸಿಗಳು; ಅವುಗಳನ್ನು ಬೆರಳಿನಿಂದ ಒರೆಸಿದರೆ ಹಾಳೆಯ ಮೇಲೆ ಗೆರೆ ಮೂಡುತ್ತದೆ, ಎಲೆಯ ಅಡಿಯಲ್ಲಿ ನವಿರಾದ ಬಲೆಯೂ ಕಾಣಬಹುದು. ಹಾಳೆಯ ಮೇಲೆ ಏನೂ ಕಾಣಲಿಲ್ಲವೆಂಬ ಮಾತ್ರಕ್ಕೆ ನುಸಿಯಿಲ್ಲವೆಂದು ತೀರ್ಮಾನಿಸಬಾರದು. ಕುಡಿಯ ಎಲೆಗಳನ್ನು ಬಿರುಸಾಗಿಸಿ ಕೆಳಕ್ಕೆ ಬಾಗಿಸುವ ಇನ್ನೊಂದು ಜಾತಿಯ ನುಸಿ ಸುಮಾರು 0.2 ಮಿಲಿಮೀಟರ್ ಮಾತ್ರ; ಅದನ್ನು ಕಾಣಲು ಒಳ್ಳೆಯ ಭೂತಗನ್ನಡಿಯೇ ಬೇಕು. ಜೇಡ ನುಸಿ ಒಣ ಬಿಸಿಲನ್ನು ಬಯಸಿದರೆ, ಇದು ಬೆಚ್ಚಗಿನ ತೇವವನ್ನು ಬಯಸುತ್ತದೆ.

ಈ ಭೇದವನ್ನು ಇಷ್ಟು ವಿವರಿಸಲು ಕಾರಣವಿದೆ. ನುಸಿ ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಕೀಟಗಳಿಗೆಂದು ತಯಾರಾದ ಅನೇಕ ಔಷಧಿಗಳಿಂದ ಅದಕ್ಕೆ ಏನೂ ಆಗುವುದಿಲ್ಲ. ಬದಲಿಗೆ ನುಸಿಯನ್ನು ತಿನ್ನುವ ಪರಭಕ್ಷಕ ಜೀವಿಗಳು ಸತ್ತು, ಅದರ ಸಂಖ್ಯೆ ಮೊದಲಿಗಿಂತ ಹೆಚ್ಚುತ್ತದೆ. ನುಸಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ, ಒಳ್ಳೆಯ ಮದ್ದು. ಆದರೆ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿಯೂ, ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೂ ಗಂಧಕ ಬಳಸಿದರೆ ಎಲೆ ಸುಡುತ್ತದೆ.

ಹೇನಿಗೆ ಇಷ್ಟೆಲ್ಲ ಬೇಕಿಲ್ಲ. ಎಲೆಯ ಅಡಿಗೆ ತಾಗುವಂತೆ ಜೋರಾಗಿ ನೀರು ಹಾಯಿಸಿದರೆ ಬಹುಪಾಲು ಉದುರುತ್ತವೆ, ಉದುರಿದವು ಮರಳಿ ಹತ್ತುವುದು ಅಪರೂಪ. ಉಳಿದದ್ದಕ್ಕೂ ಥ್ರಿಪ್ಸ್‌ಗೂ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನೊಡನೆ ಬೆರೆಯಲು ಒಂದೆರಡು ಮಿಲಿಲೀಟರ್ ದ್ರವ ಸೋಪು ಸಾಕು. ಮೊದಲು ನಾಲ್ಕಾರು ಎಲೆಗಳ ಮೇಲೆ ಸಿಂಪಡಿಸಿ ಎರಡು ದಿನ ಕಾದು ನೋಡಿ, ಆಮೇಲೆ ಸಂಜೆಯ ಹೊತ್ತು ಇಡೀ ಗಿಡಕ್ಕೆ, ಮುಖ್ಯವಾಗಿ ಎಲೆಗಳ ಅಡಿಗೆ, ಹೊಡೆಯಬೇಕು. ಮೊಟ್ಟೆಗಳು ಮೊದಲ ಸಿಂಪಡಣೆಯಲ್ಲಿ ಉಳಿದುಕೊಳ್ಳುವುದರಿಂದ ವಾರದ ಅಂತರದಲ್ಲಿ ಮತ್ತೆರಡು ಸಲ ಸಿಂಪಡಿಸದಿದ್ದರೆ ಮೊದಲಿನದೂ ವ್ಯರ್ಥ. ಬೇರಿನ ಮೂಲಕ ಗಿಡದೊಳಗೆಲ್ಲ ಹರಡುವ ಇಮಿಡಾಕ್ಲೋಪ್ರಿಡ್‌ನಂಥ ವಿಷವನ್ನು ಹೂಗಿಡಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. ಜೇನ್ನೊಣಗಳಿಗಾಗುವ ಅಪಾಯದಿಂದಾಗಿಯೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಅದರ ಹೊರಾಂಗಣ ಬಳಕೆಯನ್ನು ನಿಷೇಧಿಸಿತು.

ಎಲೆ ಮೇಲಕ್ಕೆ ಸುರುಳಿಯಾಗಿ, ನರಗಳು ದಪ್ಪಗಾಗಿ, ಅಡಿಭಾಗದಲ್ಲಿ ನರದಿಂದಲೇ ಸಣ್ಣ ಎಲೆಯಂಥ ಬೆಳವಣಿಗೆ ಹೊರಟಿದ್ದರೆ ಅದು ಬಿಳಿನೊಣ ಹರಡುವ ವೈರಸ್ಸಿನ ಲಕ್ಷಣ. ದಾಸವಾಳ ಹತ್ತಿಯ ಕುಟುಂಬದ ಗಿಡ, ಹತ್ತಿಯ ಎಲೆ ಮುಟುರು ವೈರಸ್ಸು ಇದಕ್ಕೂ ತಗಲುತ್ತದೆ. ರೆಂಬೆ ಕತ್ತರಿಸಿ ಗಿಡ ಉಳಿಸಿಕೊಳ್ಳುವ ಪ್ರಯತ್ನದಿಂದ ಪ್ರಯೋಜನವಿಲ್ಲ. ಪ್ರೀತಿಯ ಗಿಡವಾದರೂ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಬೇಕು, ಅದರಿಂದ ಕಡ್ಡಿ ತೆಗೆದು ನೆಡಬಾರದು. ಕೀಟವೂ ಇಲ್ಲದೆ, ಎಲೆಗಳು ತಿರುಚಿಕೊಂಡು ನರಗಳು ಪಟ್ಟಿಯಂತೆ ಸಮಾನಾಂತರವಾಗಿ ಕಂಡರೆ 2,4-ಡಿಯಂಥ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದಿರಬಹುದು, ಅಥವಾ ಅದನ್ನು ಬೆರೆಸಿದ ಪಾತ್ರೆಯಿಂದಲೇ ಗಿಡಕ್ಕೆ ನೀರು ಹೋಗಿರಬಹುದು. ಕಳೆನಾಶಕಕ್ಕೆ ಪ್ರತ್ಯೇಕ ಪಾತ್ರೆಯಿಡುವುದೊಂದೇ ಇದಕ್ಕೆ ಜಾಣತನ.

ತಡೆಯುವ ವಿಷಯದಲ್ಲಿ ಹೆಚ್ಚಿನವರು ಕಡೆಗಣಿಸುವುದು ಗೊಬ್ಬರವನ್ನು. ಸಾರಜನಕ ಹೆಚ್ಚಾದಾಗ ಗಿಡ ಮೃದುವಾದ, ರಸ ತುಂಬಿದ ಚಿಗುರನ್ನು ಒಂದೇ ಸಮನೆ ಒಡೆಯುತ್ತದೆ, ಹೇನಿಗೆ ಬೇಕಾಗಿರುವುದೂ ಅದೇ. ಸ್ವಲ್ಪ ಸ್ವಲ್ಪವಾಗಿ ಕೊಟ್ಟ ಕಾಂಪೋಸ್ಟಿನಿಂದ ಬೆಳೆದ ಗಿಡ ನೋಡಲು ಅಷ್ಟು ಸೊಂಪಾಗಿರದಿದ್ದರೂ ಹೆಚ್ಚು ತಾಳಿಕೊಳ್ಳುತ್ತದೆ. ಗುಲಗಂಜಿ ಹುಳುಗಳು ಕಂಡರೆ ಸಿಂಪಡಣೆಯನ್ನು ಕೆಲವು ದಿನ ಮುಂದೂಡುವುದು ಲೇಸು. ಹೇನಿನ ಲೆಕ್ಕವನ್ನು ಅವೇ ಚುಕ್ತಾ ಮಾಡಬಹುದು. ಹಳದಿ ಅಂಟುಹಾಳೆ ಬಿಳಿನೊಣವನ್ನೂ ನೀಲಿಯದು ಥ್ರಿಪ್ಸನ್ನೂ ಹಿಡಿಯುತ್ತದೆ, ಆದರೆ ಅವು ಕೀಟ ಬಂದಿದೆಯೆಂದು ತಿಳಿಸಲು ಒಳ್ಳೆಯವೇ ಹೊರತು ನಿರ್ಮೂಲ ಮಾಡಲು ಸಾಲವು. ಹೊಸದಾಗಿ ತಂದ ಗಿಡವನ್ನು ಎರಡು ಮೂರು ವಾರ ಉಳಿದವುಗಳಿಂದ ದೂರವಿಟ್ಟು, ಅದು ಒಡೆಯುವ ಮೊದಲ ಚಿಗುರನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿ, ಆಮೇಲೆಯೇ ಉಳಿದ ಗಿಡಗಳ ಜೊತೆ ಸೇರಿಸಬೇಕು.