ಕಣ್ಣು ಮುಚ್ಚಿ ಪ್ರಾರ್ಥಿಸಿದ ನಾಲ್ಕು ನಿಮಿಷ

ನಮ್ಮ ಹೋಮ್‌ಕೇರ್ ಶೀಟಿನ ಕೊನೆಯ ಕಾಲಂ ‘ಸ್ಪಿರಿಚುವಲ್ ಸಪೋರ್ಟ್’. ನಾನು ಪಾಲಿಯೇಟಿವ್ ನರ್ಸ್, ವಾಸಿಯಾಗದ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವವಳು. ಹನ್ನೊಂದು ವರ್ಷದಿಂದ ಅದಕ್ಕೆ ಟಿಕ್ ಹಾಕುತ್ತಾ ಬಂದಿದ್ದೇನೆ. ಶೀಟ್ ಪೂರ್ತಿ ಮಲಯಾಳದಲ್ಲಿದೆ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಸಂಬಳ ಬರುವಲ್ಲಿ ಮಲಯಾಳ. ಕಾಸರಗೋಡಿನ ನಮ್ಮಂಥವರ ಹಣೆಬರಹ ಇದು. ಆ ಕಾಲಂನಲ್ಲಿ ಏನು ಮಾಡಿದರೆ ಟಿಕ್ ಹಾಕಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಟಿಕ್ ಇಲ್ಲದಿದ್ದರೆ ಮಾತ್ರ ರಿವ್ಯೂ ಮೀಟಿಂಗಿನಲ್ಲಿ ಕೇಳುತ್ತಾರೆ.

ಕಳೆದ ಜೂನಿನಲ್ಲಿ ಒಂದು ಮಂಗಳವಾರ ಎಂಟು ಮನೆಗಳ ಲಿಸ್ಟ್ ಇತ್ತು. ಜಡಿಮಳೆ. 2008ರಲ್ಲೇ ಪಾಲಿಯೇಟಿವ್ ಪಾಲಿಸಿ ತಂದ ರಾಜ್ಯ ನಮ್ಮ ಕೇರಳ. ಪ್ರತಿವರ್ಷ ಜನವರಿ 15ರ ಪಾಲಿಯೇಟಿವ್ ದಿನಕ್ಕೆ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುತ್ತೇವೆ. ಆದರೆ ನಮ್ಮ ಜೀಪಿನಲ್ಲಿ ಎಡಗಡೆಯ ವೈಪರ್ ಮಾತ್ರ ಓಡುತ್ತದೆ. ಡ್ರೈವರ್ ಕೂರುವುದು ಬಲಗಡೆ.

ಐದನೆಯ ಮನೆ ಬೇಳದ ಕಡೆ. ಹುಡುಗನಿಗೆ ಇಪ್ಪತ್ತೊಂಬತ್ತು. ಮೂರು ವರ್ಷದ ಹಿಂದೆ ಅಡಿಕೆಗೆ ಮದ್ದು ಬಿಡಲು ಹತ್ತಿದವನು, ಪಾಚಿ ಹಿಡಿದ ಮರ, ಜಾರಿ ಬಿದ್ದ. ಟಿ ಫೋರ್, ಅಂದರೆ ಮೇಲಿನಿಂದ ಎಣಿಸಿದರೆ ಎದೆಭಾಗದ ನಾಲ್ಕನೆಯ ಮೂಳೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು. ಎದೆಯಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಇರುವುದು ಅವನು ಮತ್ತು ಅವನ ತಾಯಿ, ಇಬ್ಬರೇ. ನಾನು ಅವರನ್ನು ಕೊಂಕಣಿಯವರ ಹಾಗೆ ಗೌರವದಿಂದ ‘ಬಾಯಿ’ ಅಂತಲೇ ಕರೆಯುವುದು. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಲು ಮನೆ ಅಡವಿಟ್ಟಿದ್ದರು. ಹಿಂದಿನ ದಿನವಷ್ಟೇ ಬ್ಯಾಂಕಿನಿಂದ ಜಪ್ತಿ ನೋಟೀಸ್ ಬಂದಿತ್ತು.

ನಾನು ಒಳಗೆ ಹೋದಾಗ ಅವನ ಮುಖ ಕೆಂಪಾಗಿತ್ತು. ಹಣೆಯಲ್ಲಿ ಬೆವರು. ‘ತಲೆ ಸಿಡಿಯುತ್ತದೆ ಸಿಸ್ಟರ್’ ಅಂದ. ಪಕ್ಕದ ಸ್ಟೂಲಿನ ಮೇಲೆ ನೋಟೀಸು ಬಿಚ್ಚಿಟ್ಟಿತ್ತು. ನನಗೆ ಅಷ್ಟೇ ಸಾಕಾಯಿತು. ಪಾಪ, ಟೆನ್ಶನ್ ಅಂತ ತೀರ್ಮಾನಿಸಿಬಿಟ್ಟೆ. ಬಿಪಿ ಆಪರೇಟಸ್ ಜೀಪಿನಲ್ಲಿತ್ತು. ಮಳೆಯಲ್ಲಿ ಮತ್ತೆ ಇಳಿದು ಹೋಗಬೇಕಲ್ಲ ಅನ್ನುವ ಉದಾಸೀನವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮಂಚದ ಅಂಚಿನಲ್ಲಿ ಕೂತು ಅವನ ಕೈ ಹಿಡಿದುಕೊಂಡೆ. ‘ಭಾರ ಎಲ್ಲ ದೇವರ ಮೇಲೆ ಹಾಕು ಮಗಾ. ನಮಗೆ ದೊಡ್ಡದಾಗಿ ಕಾಣುವುದು ಅವನಿಗೆ ದೊಡ್ಡದಲ್ಲ’ ಅಂದೆ. ನಾನು ಸಂಡೇ ಸ್ಕೂಲ್ ಟೀಚರ್ ಬೇರೆ, ಮಾತಿಗೇನೂ ಬರ ಇಲ್ಲ. ಬಿರುಗಾಳಿಗೆ ಸಿಕ್ಕ ದೋಣಿಯ ಕಥೆ ಹೇಳಿದೆ. ಶಿಷ್ಯರೆಲ್ಲ ಮುಳುಗಿದೆವು ಅಂತ ಕೂಗುತ್ತಿದ್ದಾರೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದೆ.

ನನ್ನ ಪ್ರಾರ್ಥನೆ ಉದ್ದ ಅಂತ ಸಭೆಯಲ್ಲಿ ತಮಾಷೆ ಮಾಡುತ್ತಾರೆ. ಅವತ್ತು ಕಡಿಮೆ ಅಂದರೂ ನಾಲ್ಕು ನಿಮಿಷ ಆಗಿರಬೇಕು. ಸಾಲ ಹೇಳಿದೆ, ಬ್ಯಾಂಕಿನ ಮ್ಯಾನೇಜರರ ಮನಸ್ಸು ಕರಗಿಸು ಅಂದೆ, ಬಾಯಿಗೆ ಬಲ ಕೊಡು ಅಂದೆ. ನಡುವೆ ಹುಡುಗ ನರಳಿದ್ದು ಕೇಳಿಸಿತು. ಮನಸ್ಸು ತುಂಬಿ ಅಳುತ್ತಿದ್ದಾನೆ ಅಂದುಕೊಂಡು ನಾನು ದನಿ ಇನ್ನಷ್ಟು ಏರಿಸಿದೆ.

ಇದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಯಿ ನನ್ನ ಭುಜ ಮುಟ್ಟಿದರು. ‘ಸಿಸ್ಟರ್, ಬ್ಯಾಗ್.’

ಕಣ್ಣು ಬಿಟ್ಟು ನೋಡಿದೆ. ಯೂರಿನ್ ಬ್ಯಾಗಿನ ತಳದಲ್ಲಿ ಐವತ್ತು ಎಂಎಲ್ ಇದ್ದರೆ ಹೆಚ್ಚು. ಬೆಳಿಗ್ಗೆ ಏಳಕ್ಕೆ ಖಾಲಿ ಮಾಡಿದ್ದಂತೆ, ಈಗ ಗಂಟೆ ಹನ್ನೆರಡೂವರೆ. ಹೊದಿಕೆ ಸರಿಸಿ ಕಿಬ್ಬೊಟ್ಟೆ ಮುಟ್ಟಿದರೆ ತೆಂಗಿನಕಾಯಿಯ ಹಾಗೆ ಗಟ್ಟಿ. ಟಿ ಸಿಕ್ಸಿನಿಂದ ಮೇಲಿನ ಇಂಜುರಿ, ತಲೆನೋವು, ಬೆವರು, ಕೆಂಪು ಮುಖ. ಟ್ರೈನಿಂಗಿನಲ್ಲಿ ಇದನ್ನು ನಮಗೆ ಬಾಯಿಪಾಠವೇ ಮಾಡಿಸಿದ್ದರು. ಇಂಥವರಿಗೆ ಕ್ಯಾತಿಟರ್, ಅಂದರೆ ಮೂತ್ರದ ನಳಿಕೆ, ಬ್ಲಾಕ್ ಆದರೆ ಬಿಪಿ ಏರುತ್ತಲೇ ಹೋಗುತ್ತದೆ, ಫಿಟ್ಸ್ ಬರಬಹುದು, ತಲೆಯೊಳಗೆ ರಕ್ತಸ್ರಾವವೂ ಆಗಬಹುದು. ಅವನು ಬಾಯಿಬಿಟ್ಟು ಹೇಳಿದ್ದ, ತಲೆ ಸಿಡಿಯುತ್ತದೆ ಅಂತ.

ಡ್ರೈವರ್ ಓಡಿಹೋಗಿ ಆಪರೇಟಸ್ ತಂದರು. 196/110. ಅವನ ಮಾಮೂಲಿ ಬಿಪಿ ನೂರರ ಮೇಲೆ ಹೋಗುವುದೇ ಅಪರೂಪ. ಬೆನ್ನಿಗೆ ಅಕ್ಕಿಮೂಟೆ ಕೊಟ್ಟು ನೆಟ್ಟಗೆ ಕೂರಿಸಿದೆವು. ಲುಂಗಿ ಸಡಿಲ ಮಾಡಿದೆವು. ಟ್ಯೂಬ್ ಎಲ್ಲೂ ಮಡಚಿಲ್ಲ. ಸೆಲೈನ್ ಬಿಟ್ಟು ನೋಡಿದೆ, ಒಳಗೆ ಹೋಗಲಿಲ್ಲ. ನಳಿಕೆ ಜಾರದಂತೆ ಒಳಗೆ ಹಿಡಿದಿಡುವ ಬಲೂನಿನ ನೀರು ಎಳೆದು ಹಳೆಯದನ್ನು ಹೊರಗೆ ತೆಗೆದರೆ ತುದಿಯಲ್ಲಿ ಸುಣ್ಣದ ಪುಡಿಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. ಕಿಟ್ಟಿನಲ್ಲಿ ಹದಿನಾರು ನಂಬರಿನ ಫೋಲೀಸ್ ಕ್ಯಾತಿಟರ್ ಒಂದೇ ಒಂದು ಉಳಿದಿತ್ತು. ಹೊಸದು ಬೇಕು ಅಂತ ಇಂಡೆಂಟ್ ಕೊಟ್ಟು ಮೂರು ವಾರ ಆಗಿತ್ತು. ಮರಗಟ್ಟಿಸುವ ಜೆಲ್ಲಿಯ ಟ್ಯೂಬನ್ನು ಬುಡದಿಂದ ಮಡಚಿ ಹಿಂಡಿ ಹಿಂಡಿ ತೆಗೆದೆ.

ಜೆಲ್ಲಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಜೊತೆಗಿದ್ದ ಆಶಾ ಕಾರ್ಯಕರ್ತೆ ಅಕ್ಕ ಫೋನ್ ಹಿಡಿದು ‘ಆಂಬುಲೆನ್ಸ್ ಕರೆದರೆ ಕಾಸರಗೋಡಿಗಾ, ಮಂಗಳೂರಿಗಾ’ ಅಂತ ಕೇಳುತ್ತಿದ್ದರು. 2020ರಲ್ಲಿ ಕೊರೋನಾ ಅಂತ ತಲಪಾಡಿಯ ಗಡಿ ಮುಚ್ಚಿದ್ದನ್ನು ನೋಡಿದವರು ಈ ಪ್ರಶ್ನೆಯನ್ನು ಸುಮ್ನೆ ಕೇಳುವುದಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಪ್ರಾರ್ಥನೆ ಮಾಡೋಣ ಅಂದರೆ ಸಂಡೇ ಸ್ಕೂಲ್ ಟೀಚರಿಗೆ ಒಂದು ವಾಕ್ಯವೂ ಬರಲಿಲ್ಲ. ‘ಸ್ವಾಮೀ, ಸ್ವಾಮೀ’ ಅಂತ ಅಷ್ಟೇ.

ಹೊಸದು ಒಳಗೆ ಹೋಯಿತು. ಮೊದಲು ಕದಡಿದ ನೀರು, ಆಮೇಲೆ ಧಾರೆ. ಎಂಟುನೂರು ಎಂಎಲ್ ಹತ್ತಿರ ಬಂತು. ಬಿಪಿ 150 ಆಯಿತು, ಸ್ವಲ್ಪ ಹೊತ್ತಿನಲ್ಲಿ 120. ಹುಡುಗನ ಹಣೆ ಒಣಗಿತು. ‘ಈಗ ತಲೆ ಹಗುರ’ ಅಂದ. ನನ್ನ ಕಾಲು ಆಗ ನಡುಗಲು ಶುರುವಾಯಿತು.

ಬಾಯಿ ಚಾ ತಂದರು. ಒಂದು ಮಾತೂ ಬೈಯಲಿಲ್ಲ. ‘ನೀವು ಪ್ರಾರ್ಥನೆ ಮಾಡಿದ್ದು ಒಳ್ಳೇದಾಯ್ತು ಸಿಸ್ಟರ್’ ಅಂದರು. ‘ಆದ್ರೆ ನಾನು ಕಣ್ಣು ಮುಚ್ಚುವುದಿಲ್ಲ. ಮೂರು ವರ್ಷದಿಂದ ತೇರ್ಸ, ಜಪಮಾಲೆಯ ಪ್ರಾರ್ಥನೆ, ಹೇಳುವುದೂ ಬ್ಯಾಗ್ ನೋಡ್ತಾ ನೋಡ್ತಾ.’

ಹಾಗಾದರೆ ಈ ನೋಟೀಸಿಗೆ ಏನು ಮಾಡುತ್ತೀರಿ ಅಂತ ಕೇಳಿದೆ. ಅವರು ಕಾಗದ ಮಡಚಿಕೊಂಡು ಹೋಗಿ ಗೋಡೆಯ ಅಲ್ತಾರಿನ, ಅಂದರೆ ದೇವರ ಪೀಠದ, ಬಟ್ಟೆಯ ಅಡಿಯಲ್ಲಿ, ಶೋಕಮಾತೆಯ ಫೋಟೋದ ಕೆಳಗೆ ಇಟ್ಟರು. ಬೇಳದ ಇಗರ್ಜಿ ಇರುವುದೇ ಆ ಮಾತೆಯ ಹೆಸರಿನಲ್ಲಿ, 1890ರಿಂದ. ‘ಹಗಲು ಬ್ಯಾಂಕಿಗೆ ಹೋಗ್ತೇನೆ, ಕಾಲು ಹಿಡೀತೇನೆ. ರಾತ್ರಿ ಇದು ಅವಳ ಹತ್ತಿರ ಇರಲಿ. ಎರಡು ಗಂಟೆಗೊಮ್ಮೆ ಇವನನ್ನು ಮಗ್ಗುಲು ಬದಲಿಸ್ಬೇಕು, ನಡುವೆ ನನಗೆ ನಿದ್ದೆ ಬೇಕಲ್ಲ? ಮಗ ಶಿಲುಬೆಯಲ್ಲಿರುವಾಗ ಅವಳೂ ಅಲ್ಲೇ ನಿಂತಿದ್ದಳು. ಏನೂ ಮಾಡ್ಲಿಕ್ಕೆ ಆಗ್ಲಿಲ್ಲ. ಆದ್ರೆ ಬಿಟ್ಟು ಹೋಗ್ಲಿಲ್ಲ.’

ನಾವು ಪ್ರೊಟೆಸ್ಟೆಂಟರು. ಫೋಟೋದ ಕೆಳಗೆ ಕಾಗದ ಇಡುವುದು ನಮ್ಮಲ್ಲಿಲ್ಲ. ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ಒಂದು ಉಪದೇಶ ತಯಾರಾಗುತ್ತಿತ್ತು. ಅವತ್ತು ಆಗಲಿಲ್ಲ. ಭಾರ ಹಾಕು ಅಂತ ಊರಿಗೆಲ್ಲ ಹೇಳುವ ನಾನು, ನಿಜವಾಗಿ ಹಾಕಿ ಮಲಗುವವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾನು ಆ ಮಾತು ಹೇಳುತ್ತಿದ್ದದ್ದು ಹೆಚ್ಚಾಗಿ ಕಷ್ಟದ ಮಾತು ಮುಗಿಸಿ ಮುಂದಿನ ಮನೆಗೆ ಏಳಲಿಕ್ಕೆ.

ಟ್ರೈನಿಂಗಿನಲ್ಲಿ ಸಿಸಿಲಿ ಸಾಂಡರ್ಸ್ ಬಗ್ಗೆ ಒಂದು ಇಡೀ ಕ್ಲಾಸ್ ಇತ್ತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರುಮಾಡಿದವರು. ನರ್ಸ್ ಆಗಿದ್ದು ಆಮೇಲೆ ಡಾಕ್ಟರ್ ಆದವರು, ನನಗಿಂತ ಎಷ್ಟೋ ಪಾಲು ಜಾಸ್ತಿ ದೈವಭಕ್ತೆ. ‘ಟೋಟಲ್ ಪೇನ್’ ಅನ್ನುವುದು ಅವರದ್ದೇ ಮಾತು. ದೇಹ, ಮನಸ್ಸು, ಮನೆ, ಆತ್ಮ ಎಲ್ಲದರ ನೋವೂ ಒಟ್ಟಿಗೆ. ಆದರೆ ನೋವಿನ ಮದ್ದನ್ನು ಗಂಟೆ ನೋಡಿ ಕೊಡಬೇಕು ಅಂತ ಹಟ ಹಿಡಿದವರೂ ಅವರೇ. ನನ್ನ ತಲೆಯಲ್ಲಿ ಉಳಿದದ್ದು ಮೊದಲಿನ ಭಾಗ ಮಾತ್ರ, ಯಾಕೆಂದರೆ ಅದಕ್ಕೆ ಶೀಟಿನಲ್ಲಿ ಕಾಲಂ ಇದೆ.

ರಾತ್ರಿ ನಿದ್ದೆ ಬಾರದೆ ಬೈಬಲ್ ತೆಗೆದೆ. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡ ಜಾಗ. ದೇವದೂತ ಬಂದು ಬೋಧನೆ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಇನ್ನೊಮ್ಮೆ ಎಬ್ಬಿಸಿ ತಿನ್ನಿಸುತ್ತಾನೆ. ದೇವರು ಮಾತಿಗೆ ಶುರುಮಾಡುವುದು ಅದಾದ ಎಷ್ಟೋ ದಿನದ ಮೇಲೆ. ಹತ್ತು ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ, ರೊಟ್ಟಿಯ ಭಾಗ ಬೇಗ ದಾಟಿಸಿ.

ಮಾರನೆಯ ದಿನ ಮೆಡಿಕಲ್ ಆಫೀಸರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ‘ಇನ್ನು ಮೇಲೆ ಮೊದಲು ಬಿಪಿ’ ಅಂದರು, ಅಷ್ಟೇ. ಆಪರೇಟಸ್ ಈಗ ನನ್ನ ಹೆಗಲಲ್ಲೇ ಇರುತ್ತದೆ. ಫೋಲೀಸ್ ಇಂಡೆಂಟಿಗೆ ಮತ್ತೆ ಎರಡು ವಾರ ಹಿಡಿಯಿತು. ವೈಪರ್ ಹಾಗೆಯೇ ಇದೆ.

ಕಳೆದ ತಿಂಗಳು ಹೋದಾಗ ಅಲ್ತಾರಿನ ಬಟ್ಟೆಯ ಅಡಿಯಲ್ಲಿ ಎರಡನೆಯ ನೋಟೀಸೂ ಸೇರಿತ್ತು. ಬ್ಯಾಂಕಿನವರು ಅವಧಿ ಕೊಟ್ಟಿದ್ದಾರಂತೆ, ಎಷ್ಟು ದಿನ ಅಂತ ಬಾಯಿಗೂ ಸರಿಯಾಗಿ ಗೊತ್ತಿಲ್ಲ. ಹೊರಡುವಾಗ ‘ಒಂದು ಪ್ರಾರ್ಥನೆ ಮಾಡಿ ಸಿಸ್ಟರ್’ ಅಂದರು. ಬಿಪಿ ನೋಡಿ ಆಗಿತ್ತು. ಮಂಚದ ಅಂಚಿನಲ್ಲಿ ಕೂತು ಶುರುಮಾಡಿದೆ. ಹುಡುಗ ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನಿಗೆ ನಗು ತಡೆಯಲಾಗಲಿಲ್ಲ.

‘ಸಿಸ್ಟರ್, ನೀವು ಪ್ರಾರ್ಥನೆ ಮಾಡ್ತಾ ಇದ್ದೀರಾ, ಬ್ಯಾಗ್ ಅಳೀತಾ ಇದ್ದೀರಾ?’

‘ಮುನ್ನೂರೈವತ್ತು’ ಅಂದೆ. ‘ಆಮೆನ್.’