ಸ್ಪಿನ್ ಲಿಕ್ವಿಡ್ ಎನ್ನುವ ಮುನ್ನ ಹರಳನ್ನು ತಂಪಿಸಿದ ವೇಗ ನೋಡಿ

ಕಪ್ಪಾ-ಸಿಎನ್ ಎಂದು ಚುಟುಕಾಗಿ ಕರೆಯುವ ಸಾವಯವ ಲವಣದಲ್ಲಿ ಬಿಇಡಿಟಿ-ಟಿಟಿಎಫ್ ಅಣುಗಳು ಎರಡೆರಡಾಗಿ ಸೇರಿ ತ್ರಿಕೋನ ಜಾಲ ಕಟ್ಟುತ್ತವೆ. ಜೋಡಿಗೊಂದು ಸ್ಪಿನ್, ಅಂದರೆ ಎಲೆಕ್ಟ್ರಾನ್‌ನ ಪುಟ್ಟ ಕಾಂತ. ನೆರೆಯ ಸ್ಪಿನ್‌ಗಳ ಬಂಧ ತಾಪದ ಲೆಕ್ಕದಲ್ಲಿ ಸುಮಾರು 250 ಕೆಲ್ವಿನ್‌ನಷ್ಟು ಬಲವಾಗಿದ್ದರೂ, 2003ರ ಎನ್‌ಎಂಆರ್ (ಪರಮಾಣು ಬೀಜಗಳ ಕಾಂತೀಯ ಅನುರಣನ) ಅಳತೆಯಲ್ಲಿ 32 ಮಿಲಿಕೆಲ್ವಿನ್‌ವರೆಗೆ ಕಾಂತೀಯ ಕ್ರಮ ಕಾಣಲಿಲ್ಲ. ಎಷ್ಟೇ ತಂಪಾದರೂ ಸ್ಪಿನ್‌ಗಳು ಕ್ರಮಕ್ಕೆ ಬರದ ಸ್ಥಿತಿಯೇ ಸ್ಪಿನ್ ಲಿಕ್ವಿಡ್; ಅದರ ಚರ್ಚೆಗೆ ಕಾವು ಬಂದದ್ದು ಅಲ್ಲಿಂದ. ಇಂಥ ಹರಳುಗಳ ಜೊತೆ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಮಾತ್ರ ಹರಳನ್ನು ಕೂರಿಸುವ ಬಗೆ.

ಹರಳನ್ನು ಗಟ್ಟಿಯಾಗಿ ಅಂಟಿಸಬೇಡಿ. ತಂಪಾದಂತೆ ಸಾವಯವ ಹರಳು ಅಡಿಯಲ್ಲಿರುವ ಸಿಲಿಕಾನ್‌ಗಿಂತ ಬಹಳ ಹೆಚ್ಚು ಕುಗ್ಗುತ್ತದೆ. ಅಂಟಿಸಿದರೆ ಅದು ಎಳೆತಕ್ಕೆ ಸಿಕ್ಕುತ್ತದೆ. ಈ ವಸ್ತುಗಳು ಮಾಟ್ ಗಡಿಯ (ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯಿಂದ ವಾಹಕವು ಅವಾಹಕವಾಗುವ ಗಡಿ) ಪಕ್ಕದಲ್ಲೇ ಇರುವುದರಿಂದ ಅಷ್ಟು ಸಾಕು: ಸುಮಾರು 11.6 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ, ಅದೇ ಅಣುಗಳ ಇನ್ನೊಂದು ಲವಣ ಕಪ್ಪಾ-ಬ್ರೋಮೈಡ್‌ನ ತೆಳು ಹರಳು ಸಿಲಿಕಾನ್ ಮೇಲೆ ಅವಾಹಕವೇ ಆಗಿಬಿಡಬಹುದು. 10ರಿಂದ 25 ಮೈಕ್ರೋಮೀಟರ್ ಚಿನ್ನದ ತಂತಿಯನ್ನು ಕಾರ್ಬನ್ ಪೇಸ್ಟ್‌ನಿಂದ ಹಚ್ಚಿ, ಹರಳು ತಂತಿಗಳ ಮೇಲೆಯೇ ತೂಗುವಂತೆ ಬಿಡಿ. ತಂತಿ ಬಿಗಿಯಾಗಿರದೆ ಸ್ವಲ್ಪ ಸಡಿಲವಾಗಿರಲಿ.

ಇನ್ನು ತಂಪಿಸುವುದು. ನಿಮಿಷಕ್ಕೆ ಅರ್ಧ ಕೆಲ್ವಿನ್ ದಾಟಬೇಡಿ. ಪ್ರತಿರೋಧ ಒಮ್ಮೆಲೇ ಮೆಟ್ಟಿಲಿನಂತೆ ಜಿಗಿದರೆ ಅದು ಹೊಸ ಭೌತಶಾಸ್ತ್ರವಲ್ಲ, ಸೂಕ್ಷ್ಮ ಬಿರುಕು. ಕಪ್ಪಾ-ಬ್ರೋಮೈಡ್‌ನಲ್ಲಿ 75–80 ಕೆಲ್ವಿನ್ ಸುತ್ತ ಅಣುಗಳ ಎಥಿಲೀನ್ ತುದಿಗಳು ಗಾಜಿನಂತೆ ಹೆಪ್ಪುಗಟ್ಟುತ್ತವೆ. ಅಲ್ಲಿ ಅವಸರ ಮಾಡಿದರೆ ಅವು ಅಡ್ಡಾದಿಡ್ಡಿಯಾಗಿಯೇ ಉಳಿದು, ಕೆಳಗಿನ ತಾಪದ ಇಡೀ ಚಿತ್ರವೇ ಬದಲಾಗುತ್ತದೆ.

ಸ್ಪಿನ್ ಲಿಕ್ವಿಡ್ ಎನಿಸಿದ ಇನ್ನೊಂದು ಸಾವಯವ ವಸ್ತು, ಪಲಾಡಿಯಂ-ಡಿಮಿಟ್ ಲವಣದ ಕಥೆ ನೋಡಿ. 2010ರಲ್ಲಿ ಅದರ ಉಷ್ಣವಾಹಕತೆಯನ್ನು ತಾಪದಿಂದ ಭಾಗಿಸಿದಾಗ ಶೂನ್ಯ ತಾಪದತ್ತಲೂ ಒಂದು ಶೇಷ ಉಳಿದಂತೆ ಕಂಡಿತ್ತು; ಅದನ್ನು ಸ್ಪಿನ್ ಲಿಕ್ವಿಡ್‌ನ ಗುರುತೆಂದು ಓದಲಾಯಿತು. 2019ರಲ್ಲಿ ಎರಡು ಗುಂಪುಗಳಿಗೆ ಆ ಶೇಷ ಸಿಗಲಿಲ್ಲ. ಆಮೇಲೆ ತಂಪಿಸುವ ವೇಗವೇ ಕಾರಣವಿರಬಹುದು ಎಂಬ ವಾದ ಬಂತು. ಕಪ್ಪಾ-ಸಿಎನ್‌ನಲ್ಲೂ 6 ಕೆಲ್ವಿನ್ ಬಳಿ ವಿಚಿತ್ರ ತಿರುವಿದೆ. 2021ರ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನ) ಅಳತೆ ಅಲ್ಲಿ ಸ್ಪಿನ್‌ಗಳು ಜೋಡಿಯಾಗಿ ಗ್ಯಾಪ್, ಅಂದರೆ ಅವನ್ನು ಕದಲಿಸಲು ದಾಟಬೇಕಾದ ಶಕ್ತಿಯ ಅಂತರ, ತೆರೆಯುತ್ತದೆ ಎನ್ನುತ್ತದೆ. ಹಾಗಿದ್ದರೆ ತೀರ ಕೆಳಗಿನ ತಾಪದ ಸಂಕೇತದಲ್ಲಿ ಜೋಡಿ ಸಿಗದ ಒಂಟಿ ಸ್ಪಿನ್‌ಗಳ ಪಾಲೆಷ್ಟು ಎಂದು ಕೇಳಲೇಬೇಕು.

ಒತ್ತಡದ ಕೋಶವಿದ್ದರೆ ಇನ್ನೊಂದು ಎಚ್ಚರ. ಒತ್ತಡವನ್ನು ಹರಳಿಗೆ ದಾಟಿಸುವ ಡ್ಯಾಫ್ನೆ 7373 ಎಣ್ಣೆಯಲ್ಲಿ ತಂಪಾಗುವಾಗ ಸುಮಾರು 0.15–0.2 ಗಿಗಾಪಾಸ್ಕಲ್ ಒತ್ತಡ ಇಳಿಯುತ್ತದೆ. ಕಪ್ಪಾ-ಸಿಎನ್‌ನಲ್ಲಿ 0.4 ಗಿಗಾಪಾಸ್ಕಲ್ ಸುತ್ತ ಅತಿವಾಹಕತೆ ಹುಡುಕುವವರಿಗೆ ಇದು ಸಣ್ಣ ತಪ್ಪಲ್ಲ, ಕೋಶದೊಳಗೇ ಒತ್ತಡದ ಮಾಪಕ ಇಡಿ.

ಪ್ರತಿ ಅಳತೆಯ ಕಡತದಲ್ಲಿ ತಂಪಿಸಿದ ವೇಗವನ್ನು ತಪ್ಪದೆ ಬರೆಯಿರಿ. ಕಪ್ಪಾ-ಬ್ರೋಮೈಡ್‌ನಲ್ಲಿ ವೇಗ ಬದಲಿಸಿ ಹೋಲಿಸಬೇಕಿದ್ದರೆ ಕೋಣೆಯ ತಾಪದವರೆಗೆ ಬಿಸಿ ಮಾಡಬೇಕಿಲ್ಲ. ಗಾಜಿನ ಹಂತಕ್ಕಿಂತ ಸಾಕಷ್ಟು ಮೇಲೆ, 100 ಕೆಲ್ವಿನ್ ಆಚೆ, ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಇಳಿಸಿ. ಹರಳಿಗೆ ಬಿರುಕಿನ ಅಪಾಯವೂ ಕಡಿಮೆ.